ಹನ್ನೆರಡನೆಯ ಟಿಕ್

ಟಿಕ್ ಹಾಕಿ, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಆಫೀಸಿಗೆ ಹೊರಬಿದ್ದ. ಅಡುಗೆಮನೆಯ ಬಾಗಿಲಿಗೆ ಹೆಂಡತಿ ಅಂಟಿಸಿದ್ದ ಕೆಲಸಗಳ ಪಟ್ಟಿಯ ಹಾಳೆಯಲ್ಲಿ ಅದು ಹನ್ನೆರಡನೆಯ ಸಾಲು: 'ನಾಲ್ಕು ಗಂಟೆಗೆ ಅಕ್ಕನ ಮನೆಗೆ ಹೋಗ್ತಿದ್ದೀನಿ. ಮತ್ತೆ ಬರೋದಿಲ್ಲ. ಅಷ್ಟರೊಳಗೆ ಬಂದು ಒಂದು ಮಾತಾಡಿ.'

ಅವನ ಲೆಕ್ಕದಲ್ಲಿ ಟಿಕ್ ಎಂದರೆ ಕೆಲಸ ಸರತಿಗೆ ಸೇರಿತು ಎಂದರ್ಥ, ಮುಗಿಯಿತು ಎಂದಲ್ಲ. ಸೋರುವ ನಲ್ಲಿಗೂ ಟಿಕ್ ಇತ್ತು. ಅದು ಸೋರುತ್ತಲೂ ಇತ್ತು. ಇದನ್ನು ಅವಳಿಗೆ ಮೂರು ವರ್ಷ ವಿವರಿಸಿದ್ದ. ವಿವರಿಸುವಷ್ಟು ಹೊತ್ತಿನಲ್ಲಿ ನಲ್ಲಿ ರಿಪೇರಿಯೇ ಆಗುತ್ತಿತ್ತಲ್ಲ ಎಂದಿದ್ದಳು. ಎಂಥ ಒರಟು ಮಾತು ಅನಿಸಿತ್ತು ಅವನಿಗೆ.

ಆಫೀಸಿನಲ್ಲಿ ಅವನಿಗೆ ಅನ್ನ ಹಾಕುತ್ತಿದ್ದುದೂ ಇದೇ ಬುದ್ಧಿ. ಕಂಪ್ಯೂಟರಿನ ಹೊಟ್ಟೆಯೊಳಗಿದ್ದು ಎಲ್ಲವನ್ನೂ ನಡೆಸುವ ಕರ್ನಲ್ ಎಂಬ ತಂತ್ರಾಂಶದಲ್ಲಿ ಅವನು ಬರೆದ ಕೋಡು ಇತ್ತು. ಡಿಸ್ಕಿಗೆ ಬರೆಯಬೇಕಾದ್ದನ್ನು ಅದು ಸರತಿಯಲ್ಲಿ ನಿಲ್ಲಿಸಿ, ಕೇಳಿದವರಿಗೆ ಕೂಡಲೇ 'ಆಯಿತು' ಎಂದುಬಿಡುತ್ತಿತ್ತು. ಅವರು ನಂಬಿ ಮುಂದೆ ಹೋಗುತ್ತಿದ್ದರು. ಇದಕ್ಕೆ ಬಹುಮಾನವೂ ಬಂದಿತ್ತು.

ಇವತ್ತು ಕೋಡು ಪರಿಶೀಲಿಸುವ ಸಹೋದ್ಯೋಗಿ ತಗಾದೆ ತೆಗೆದಳು.

"ಸರತಿ ಖಾಲಿಯಾಗೋ ಮುಂಚೆ ಯಾರಾದ್ರೂ ಡಿಸ್ಕ್ ಕಿತ್ಕೊಂಡು ಹೋದ್ರೆ?"

"ಹೇಳದೆ ಕೇಳದೆ ಯಾಕೆ ಕೀಳ್ತಾರೆ?"

"ಹೇಳೇ ಕೀಳ್ತಾರೆ, ಸರ್. ನಿಮ್ಮ ಕೋಡು ಅದಕ್ಕೂ ಆಯ್ತು ಅನ್ನುತ್ತೆ."

ಮೈ ಉರಿಯಿತು. ಮೂರಕ್ಕೆ ಹೊರಡಬೇಕೆಂದಿದ್ದವನು ಕೂತೇಬಿಟ್ಟ. ಡಿಸ್ಕ್ ಹೊರಡುವ ಸೂಚನೆ ಬಂದರೆ ಹೊಸ ಕೆಲಸ ತೆಗೆದುಕೊಳ್ಳಬಾರದು, ಇದ್ದದ್ದನ್ನೆಲ್ಲ ಮುಗಿಸಬೇಕು, ಆಮೇಲೆ ಬಿಟ್ಟುಕೊಡಬೇಕು. ಹಾಗೆ ಬರೆದ. ಮೂರೂವರೆಗೆ ಹೆಂಡತಿಯ ಫೋನು ಬಂತು.

"ಬರ್ತಿದ್ದೀರಾ?"

"ಹ್ಞೂ" ಅಂದ, ಪರದೆಯಿಂದ ಕಣ್ಣು ಕೀಳದೆ.

ನಾಲ್ಕಾದದ್ದು ಗೊತ್ತಾಯಿತು. ಗೊತ್ತಾಗದವನ ಹಾಗೆ ಕೂತ. ಹೋಗಿ ಏನು ಹೇಳಬೇಕೆಂದು ಬೆಳಗಿನಿಂದ ಹೊಳೆದಿರಲಿಲ್ಲ. ಕೋಡಿನಲ್ಲಾದರೆ ಮುಂದಿನ ಸಾಲು ಗೊತ್ತಿತ್ತು. ಇಪ್ಪತ್ತು ಸಲ ಡಿಸ್ಕ್ ತೆಗೆದು ನೋಡಿದರು. ಒಂದಕ್ಷರ ಕಳೆಯಲಿಲ್ಲ. ಸಹೋದ್ಯೋಗಿ ಒಪ್ಪಿದಳು.

ಆರೂವರೆಗೆ ಮನೆಗೆ ಬಂದರೆ ಬೀಗ. ಅವಳ ಚಪ್ಪಲಿ ಇರಲಿಲ್ಲ, ಸೂಟ್‌ಕೇಸೂ ಇರಲಿಲ್ಲ. ಹಾಳೆ ಇತ್ತು. ಅವನ ಹನ್ನೆರಡು ಟಿಕ್ಕುಗಳನ್ನೂ ಹಾಗೇ ಬಿಟ್ಟಿದ್ದಳು. ಕೊನೆಯ ಸಾಲಿನ 'ಹೋಗ್ತಿದ್ದೀನಿ' ಎಂಬುದರ ಮೇಲೆ ಮಾತ್ರ ಕೆಂಪು ಶಾಯಿಯಲ್ಲಿ ಅವಳದೊಂದು ಟಿಕ್. ಇಡೀ ಹಾಳೆಯಲ್ಲಿ ನಿಜಕ್ಕೂ ಮುಗಿದ ಕೆಲಸ ಅದೊಂದೇ.

ಕೆಳಗೆ ಜಾಗವಿತ್ತು. ಪೆನ್ನು ತೆಗೆದು 'ಅವಳನ್ನು ಕರೆದುಕೊಂಡು ಬರುವುದು' ಎಂದು ಬರೆದ. ನಲ್ಲಿ ತೊಟ್ಟಿಕ್ಕುತ್ತಿತ್ತು. ಆಮೇಲೆ ಅವನ ಕೈ ತಾನಾಗಿಯೇ ಅದರ ಮುಂದೆಯೂ ಒಂದು ಟಿಕ್ ಹಾಕಿತು.