ಬಳ್ಳಿಯ ಮಗು

ಹಂದಿ ಮಲಗಿದ ಹಾಗೆ ಉಂಟಲ್ಲ, ಅಲ್ಲ, ಹಂದಿಯಲ್ಲ, ಯಾರೋ ಕವುಚಿ ಹಾಕಿದ ದೊಡ್ಡ ಬುಟ್ಟಿ, ಕೆರೆಯ ನೀರಿನ ಬಿಸಿಲು ಕಣ್ಣಿಗೆ ಹೊಡೆದು ಏನೂ ಸರಿಯಾಗಿ ಕಾಣುವುದಿಲ್ಲ — ಸೇಸಮ್ಮ ಸೆರಗನ್ನು ಹಣೆಗೆ ಅಡ್ಡ ಹಿಡಿದಳು, ಇದನ್ನು ನೋಡಲಿಕ್ಕಾ ಏಳರ ಬಸ್ಸಿಗೆ ಗುಡ್ಡ ಇಳಿದದ್ದು, ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ವೇಣೂರು ದಾಟಿ ಮೂಡುಬಿದಿರೆಯ ಈ ಪಾರ್ಕಿಗೆ ಬಂದದ್ದು, ಪಕ್ಕದಲ್ಲಿ ಗಂಡ ಡೊಂಬಯ್ಯ ಬೆನ್ನ ಹಿಂದೆ ಕೈಕಟ್ಟಿ ನೀರು ನೋಡುತ್ತಿದ್ದಾನೆ, ಅವನೇ ಹೆಣೆದದ್ದನ್ನು ಬಿಟ್ಟು ನೀರು, ಮಳೆಗಾಲಕ್ಕೆ ಮೊದಲು ಹದಿನೆಂಟು ದಿನ ಇಲ್ಲೇ ಉಳಿದು ಕೆಲಸ ಮಾಡಿ ಬಂದವನು, ಏನು ಮಾಡಿದ್ದು ಅಂತ ಕೇಳಿದರೆ ಒಂದೇ ಮಾತು, ಒಂದು ಗೊಂಬೆ. ಗೊಂಬೆಗೆ ತಲೆ ಎಲ್ಲಿ, ಕೈ ಎಲ್ಲಿ, ಬರೀ ಕಾಡುಬಳ್ಳಿ, ಬಿದಿರು, ನಡುವೆ ತೆಂಗಿನ ನಾರು, ಒಂದು ಮಳೆಗಾಲ ಕಳೆದು ಬೆನ್ನಿನ ಮೇಲೆ ಪಾಚಿ ಬೇರೆ. ಅಜ್ಜಿ, ಅಲ್ಲಿಂದ ಗೊತ್ತಾಗುವುದಿಲ್ಲ, ನೀರಿನ ಬದಿಗೆ ಬನ್ನಿ — ಇದು ಶಾಹಿದಾ, ಈ ಗೊಂಬೆಯ ಚಿತ್ರ ಬರೆದು ಮಾಡಿಸಿದ ಬಂಟ್ವಾಳದ ಹುಡುಗಿ, ಶಾಲೆಯಲ್ಲಿ ಚಿತ್ರಕಲೆ ಟೀಚರಂತೆ, ಕೈ ಹಿಡಿದು ಕರೆದುಕೊಂಡು ಹೋಗುತ್ತಾಳೆ, ಕೈ ತಣ್ಣಗೆ ಉಂಟು. ನೀರಿನ ಬದಿಯಿಂದ ನೋಡಿದರೆ ಬುಟ್ಟಿಗೆ ಒಮ್ಮೆಲೇ ಮೊಣಕಾಲು ಬಂತು, ಕುತ್ತಿಗೆ ಬಂತು, ಕುಕ್ಕರುಗಾಲಲ್ಲಿ ಕುಳಿತ ಒಂದು ಮಗು, ಮುಖ ಇಲ್ಲ, ಬಗ್ಗಿ ನೀರಿನೊಳಗೆ ಏನನ್ನೋ ನೋಡುವ ಮಗು, ಬಲಗಾಲು ಪೂರ್ತಿ ನೆಲದ ಮೇಲೆ, ಎಡಗಾಲು — ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗಿಲ್ಲ.

ತಾಗಿಲ್ಲ, ಎರಡು ಬೆರಳಿನಷ್ಟು ಜಾಗ ಉಂಟು, ಇದು ಎಲ್ಲಿಂದ ಬಂತು ಇಲ್ಲಿಗೆ, ತೋಡಿನ ಬದಿ ಏಡಿ ನೋಡುತ್ತಾ ಹೀಗೇ ಕುಳಿತುಕೊಳ್ಳುತ್ತಿದ್ದಳು, ರೇವತಿ, ಪೋಲಿಯೋ ಬಂದು ಸಪೂರವಾದ ಕಾಲು, ಸ್ನಾನ ಮಾಡಿಸಿ ಎಣ್ಣೆ ಹಚ್ಚಿ ಆ ಹಿಮ್ಮಡಿಯನ್ನು ದಿನಾ ನೆಲಕ್ಕೆ ಒತ್ತಿ ಹಿಡಿಯುತ್ತಿದ್ದದ್ದು ಯಾರು, ತಾನೇ, ಒತ್ತಿದರೆ ಸರಿಯಾಗ್ತದೆ ಅಂತ ಯಾರೋ ಹೇಳಿದ್ದರು, ಒತ್ತಬೇಡ ಅಮ್ಮ, ನೋವಾಗ್ತದೆ, ಸ್ವಲ್ಪ ತಡ್ಕೊ ಮಗಾ, ಏಳು ವರ್ಷಕ್ಕೆ ಜ್ವರ ಬಂದು ಬೆಳ್ತಂಗಡಿಗೆ ಹೊತ್ತುಕೊಂಡು ಹೋದವನು ಇವನೇ, ಹಾಗೇ ಹೊತ್ತುಕೊಂಡು ವಾಪಸು ಬಂದವನು, ಅಂದಿನಿಂದ ಮೂವತ್ತು ವರ್ಷ ಆ ಹೆಸರು ಇವನ ಬಾಯಲ್ಲಿ ಬಂದದ್ದಿಲ್ಲ, ಒಂದು ಫೋಟೋ ಇಲ್ಲ, ತಾನು ಅವಳ ಸುದ್ದಿ ಎತ್ತಿದರೆ ಎದ್ದು ಅಂಗಳಕ್ಕೆ ಹೋಗುವವನು, ಮರೆತೇಬಿಟ್ಟ, ಕಲ್ಲು, ಅಂತ ಎಷ್ಟು ಸಲ ಶಪಿಸಿದ್ದಾಳೆ — ಈಗ ಇದೇನು, ಹೆಂಡತಿಗೆ ಹೇಳದ್ದನ್ನು ಊರ ಹೊರಗಿನ ಈ ಹುಡುಗಿಗೆ ಹೇಳಿದನಾ, ಸಿಟ್ಟು ಬರುತ್ತಿದೆಯಾ ತನಗೆ, ಅಳುವಾ, ತಿಳಿಯುವುದಿಲ್ಲ, ಶಾಹಿದಾಳ ಕಡೆ ತಿರುಗಿದಳು. ನಿನ್ನ ಹತ್ತಿರ ಇವರು ಏನು ಹೇಳಿದರು ಮಗಾ? ಎಂಥ ಅಜ್ಜಿ? ಈ ಕಾಲಿನ ಸುದ್ದಿ. ಏನೂ ಹೇಳ್ಲಿಲ್ಲ ಅಜ್ಜಿ, ನನ್ನ ಚಿತ್ರದಲ್ಲಿ ಎರಡೂ ಪಾದ ನೆಲದ ಮೇಲೆ ಇತ್ತು, ಅಜ್ಜ ಒಂದು ಎತ್ತಿಯೇ ಬಿಟ್ರು, ಹೀಗಾದ್ರೆ ನಿಲ್ಲುದಿಲ್ಲ ಅಜ್ಜ ಅಂದೆ, ನಿಲ್ತದೆ ಅಂದ್ರು, ಅಷ್ಟೇ, ನಿಂತಿತು. ಹೇಳಲಿಲ್ಲವಂತೆ, ಇಲ್ಲೂ ಹೇಳಲಿಲ್ಲ. ಬಣ್ಣ, ಅಂಟು ಏನೂ ಹಾಕ್ಲಿಲ್ಲ ಅಜ್ಜಿ, ಇನ್ನೊಂದು ಮಳೆಗೆ ಇದು ಮಣ್ಣಾಗ್ತದೆ, ಮಣ್ಣಾಗ್ಲಿ ಅಂತಲೇ ಮಾಡಿದ್ದು — ನಗುತ್ತಾ ಹೇಳುತ್ತಾಳೆ, ಅವಳಿಗೆ ಹೇಗೆ ಗೊತ್ತು, ಒಮ್ಮೆ ಮಣ್ಣಾದದ್ದು ಮೂವತ್ತು ವರ್ಷದ ಮೇಲೆ ಎದ್ದು ಬಂದು ಕುಳಿತು, ಮತ್ತೆ ಮಣ್ಣಾಗುವುದಾ, ಬೇಡ ಅನ್ನಲಾ, ಮನೆಗೆ ಕೊಂಡುಹೋಗುವ ಅನ್ನಲಾ, ಬಸ್ಸಿನಲ್ಲಿ ಹಿಡಿಯುವುದಿಲ್ಲ, ಎಂಥ ಮಳ್ಳು ಯೋಚನೆ.

ಇಲ್ಲಿ ಬನ್ನಿ ಅಂತ ಗಂಡನನ್ನು ಕರೆದಳು, ಡೊಂಬಯ್ಯ ಬಂದ, ಶಾಹಿದಾ ಏನೋ ಅರಿತವಳಂತೆ ಗೇಟಿನ ಕಡೆ ಹೋದಳು, ಕೇಳಬೇಕು, ಕೇಳಿದರೆ ಹೊರಟುಬಿಟ್ಟಾನು, ಕೇಳಿಯೇಬಿಟ್ಟಳು, ಇದು ರೇವತಿ ಅಲ್ವಾ? ಅವನು ಹೋಗಲಿಲ್ಲ. ಆ ಹಿಮ್ಮಡಿ ನೋಡುತ್ತಾ ಹೇಳಿದ, ಬಳ್ಳಿ ಸಾಕಾಗ್ಲಿಲ್ಲ, ಅಲ್ಲಿಗೆ ನಿಲ್ಲಿಸಿದೆ. ಸುಳ್ಳು, ಇಲ್ಲಿಂದ ಬರುವಾಗ ಉಳಿದ ಬಳ್ಳಿಯ ಕಟ್ಟನ್ನು ಹೊತ್ತು ತಂದವನು, ಬಚ್ಚಲ ಹಿಂದೆ ಇನ್ನೂ ಉಂಟು, ಸುಳ್ಳು ಅನ್ನಲು ಬಾಯಿ ತೆರೆದಳು, ಅವನು ಆಗಲೇ ಮೊಣಕಾಲೂರಿ ಹೆಗಲ ಬೈರಾಸಿನ ತುದಿಯಿಂದ ಆ ಕಾಲಿಗೆ ಹತ್ತಿದ ಕೆಂಪಿರುವೆಗಳನ್ನು ಒಂದೊಂದಾಗಿ ಒರೆಸುತ್ತಿದ್ದಾನೆ, ಮೆಲ್ಲಗೆ, ಎದ್ದುಬಿಟ್ಟಾಳು ಎಂಬ ಹಾಗೆ, ತುಟಿ ಅಲ್ಲಾಡುತ್ತಿದೆ, ಹೆಸರೋ ಉಸಿರೋ ಕೇಳಿಸುವುದಿಲ್ಲ, ಹಾಗಾದರೆ ಮರೆತದ್ದಲ್ಲ, ಮತ್ತೆ ಯಾಕೆ ಇಷ್ಟು ವರ್ಷ, ಯಾಕೆ ತನ್ನನ್ನು ಒಬ್ಬಳನ್ನೇ — ಕೇಳುವುದು ನೂರು ಇತ್ತು, ಯಾವುದೂ ಸಾಲಿಗೆ ಬರುವುದಿಲ್ಲ, ಸೇಸಮ್ಮ ಅವನ ಪಕ್ಕ ಕುಳಿತಳು, ಕೈ ತಾನಾಗಿ ಚಾಚಿತು, ಒತ್ತಲಿಲ್ಲ, ಒತ್ತುವುದಿಲ್ಲ ಮಗಾ, ಎರಡು ಬೆರಳನ್ನು ಅಡಿಗೆ ತೂರಿಸಿದಳು, ಸರಿಯಾಗಿ ಹಿಡಿಸಿತು, ಮೇಲೆ ತಣ್ಣಗಿನ ಬಳ್ಳಿ, ಕೆಳಗೆ ಬೆಚ್ಚಗಿನ ಮಣ್ಣು, ನಡುವೆ ಬೆರಳು, ಹಿಮ್ಮಡಿ, ನೆಲಕ್ಕೆ ತಾಗದ ಹಿಮ್ಮಡಿ, ಹಿಮ್ಮಡಿ —