ಹದಿನಾರು ಹೆಜ್ಜೆ

ಕಾವೂರಿನ ಆ ವೃದ್ಧಾಶ್ರಮದಲ್ಲಿ ಒಮ್ಮೆ ಬಿದ್ದವರು ಮತ್ತೆ ಹಾಸಿಗೆ ಬಿಟ್ಟು ಏಳಬಾರದೆಂಬ ನಿಯಮವಿತ್ತು. ಉಮಾವತಿ ಶೆಡ್ತಿ ಬಿದ್ದದ್ದು ೧೯೮೨ರ ಜುಲೈಯಲ್ಲಿ, ಅಂಗಳದ ಪಾಚಿಯ ಮೇಲೆ. ಮೂಳೆ ಮುರಿದಿರಲಿಲ್ಲ. ಮೂರು ವಾರದಲ್ಲಿ ಸೊಂಟದ ನೋವೂ ಇಳಿಯಿತು. ಆದರೂ ಮೇಲ್ವಿಚಾರಕಿ ಗೆರ್ಟ್ರೂಡ್ ಬಾಯಿ ಉಮಾವತಿಯನ್ನು ಏಳಲು ಬಿಡಲಿಲ್ಲ. ಹಿಂದಿನ ವರ್ಷ ಒಬ್ಬ ಮುದುಕಿ ಬಿದ್ದು ತೀರಿಹೋಗಿ, ಮನೆಯವರು ಪೊಲೀಸರ ತನಕ ಹೋಗಿದ್ದರು. ಆ ಹೆದರಿಕೆ ಗೆರ್ಟ್ರೂಡ್ ಬಾಯಿಗೆ ಇನ್ನೂ ಇತ್ತು.

ಎಂಟು ಮಂಚಗಳ ಕೋಣೆ. ಪರದೆಯಿಲ್ಲ. ಎಲ್ಲರ ಕಣ್ಣೆದುರೇ ಬೆಡ್‌ಪ್ಯಾನ್ ಇಡುತ್ತಿದ್ದರು. ಊಟವನ್ನು ಆಯಾ ಮಗ್ದಲೀನ್ ಚಮಚದಲ್ಲಿ ಬಾಯಿಗೆ ಹಾಕುತ್ತಿದ್ದಳು. ಗಂಡ ಸತ್ತ ಮೇಲೆ ಗದ್ದೆ, ಒಕ್ಕಲು, ಕೋರ್ಟು ಎಲ್ಲವನ್ನೂ ಒಬ್ಬರೇ ನೋಡಿಕೊಂಡಿದ್ದ, ಮಗನ ಮಾಳಿಗೆ ಮನೆಯ ಮೆಟ್ಟಿಲು ಹತ್ತಲಾಗದೆ ತಾವೇ ಆರಿಸಿ ಇಲ್ಲಿಗೆ ಬಂದಿದ್ದ ಉಮಾವತಿ, ಬೆಡ್‌ಪ್ಯಾನಿಗೆ ನಾಚಿ ನೀರು ಕುಡಿಯುವುದನ್ನೇ ಬಿಟ್ಟರು. ಉರಿಮೂತ್ರವಾಗಿ ಜ್ವರ ಬಂತು. ಡಾಕ್ಟರು ನೀರು ಕುಡಿಯಿರಿ ಎಂದರು. ಏಕೆ ಕುಡಿಯುತ್ತಿಲ್ಲವೆಂದು ಕೇಳಲಿಲ್ಲ.

ಜ್ವರ ಬಿಟ್ಟ ಬೆಳಿಗ್ಗೆ ಅವರು ಮರದ ಕುರ್ಚಿಯ ಬೆನ್ನು ಹಿಡಿದು ಎದ್ದರು. ಕುರ್ಚಿಯನ್ನು ಮುಂದಕ್ಕೆ ತಳ್ಳುವುದು, ಒಂದು ಹೆಜ್ಜೆ ಇಡುವುದು. ಪಾಯಿಖಾನೆಗೆ ಹದಿನಾರು ಹೆಜ್ಜೆ. ತಡೆಯಲು ಓಡಿ ಬಂದ ಮಗ್ದಲೀನ್, ಉಮಾವತಿಯ ಮುಖ ನೋಡಿ ಪಕ್ಕದಲ್ಲಿ ನಡೆದಳು. ಉಮಾವತಿ ಒಳಗೆ ಹೋಗಿ ಚಿಲಕ ಹಾಕಿದರು. ಎರಡು ತಿಂಗಳ ಮೇಲೆ ಅವರಿಗೆ ಮುಚ್ಚಿದ ಬಾಗಿಲೊಂದು ಸಿಕ್ಕಿತ್ತು. ಕೆಲಸ ಮುಗಿದ ಮೇಲೂ ತುಸು ಹೊತ್ತು ಅಲ್ಲೇ ಇದ್ದರು.

ಮಧ್ಯಾಹ್ನಕ್ಕೆ ಗೆರ್ಟ್ರೂಡ್ ಬಾಯಿ ಕುರ್ಚಿಯನ್ನು ಆಫೀಸಿಗೆ ಒಯ್ಯಿಸಿದರು. ಕುರ್ಚಿ ಬರುವ ತನಕ ಗಂಜಿ ಬೇಡ, ಬಂದ ಮೇಲೂ ತಟ್ಟೆ ಕೈಗೇ ಕೊಡಬೇಕು ಎಂದು ಉಮಾವತಿ ಮುಖ ತಿರುಗಿಸಿ ಮಲಗಿದರು. ಮರುದಿನ ಗೆರ್ಟ್ರೂಡ್ ಬಾಯಿ ಫೋನು ಮಾಡಿ, ಹೋಟೆಲು ನಡೆಸುತ್ತಿದ್ದ ಮಗ ಗುಣಪಾಲನನ್ನು ಕರೆಸಿದರು.

"ಅವರು ಹೇಳಿದ ಹಾಗೆ ಕೇಳಿದರೆ ಎಂತ ಅಮ್ಮ? ಇನ್ನೊಮ್ಮೆ ಬಿದ್ದರೆ?"

"ಬಿದ್ದರೆ ಬೀಳ್ತೇನೆ. ಇಲ್ಲಿ ಎಲ್ಲರ ಎದುರು ನನ್ನ ಸೀರೆ ಎತ್ತುತ್ತಾರೆ. ಈಗ ಬೆಡ್‌ಪ್ಯಾನಿನ ಹೊತ್ತು ಆಯ್ತು. ಕೂತು ನೋಡು."

ಗುಣಪಾಲ ಎದ್ದು ಆಫೀಸಿಗೆ ಹೋದ. ಕುರ್ಚಿಯನ್ನು ತಾನೇ ಹೊತ್ತು ತಂದ.

ಹಿಂದೆಯೇ ಬಂದ ಬಾಯಿ, ಬಿದ್ದರೆ ಆಶ್ರಮ ಹೊಣೆಯಲ್ಲವೆಂದು ಬರೆದ ಕಾಗದವನ್ನು ಅವನ ಮುಂದೆ ಹಿಡಿದರು. ಅವನು ಪೆನ್ನು ತೆಗೆಯುವಷ್ಟರಲ್ಲಿ ಉಮಾವತಿ ಕೈ ಚಾಚಿದರು.

"ಬೀಳುವುದು ನಾನು. ಸಹಿಯೂ ನನ್ನದೇ."

ನಿಧಾನವಾಗಿ, ಪೂರ್ತಿ ಹೆಸರು ಬರೆದರು. ಪ್ರತಿ ಮಂಚಕ್ಕೂ ಪರದೆ ಕಟ್ಟುವಷ್ಟು ಬಟ್ಟೆ ಕಳಿಸಬೇಕೆಂದು ಮಗನಿಗೆ ಹೇಳಿದರು.

ಅಕ್ಟೋಬರಿನಲ್ಲಿ, ಪಾಯಿಖಾನೆಗೆ ಹೊರಟಾಗ, ಅವರು ಮತ್ತೆ ಬಿದ್ದರು. ಮೊಣಕಾಲು ತರಚಿ ರಕ್ತ ಬಂತು. ಗೆರ್ಟ್ರೂಡ್ ಬಾಯಿ ಓಡಿ ಬಂದರು.

"ಕೈ ಕೊಡಿ ಬಾಯಿ," ಎಂದರು ಉಮಾವತಿ. "ಹಾಸಿಗೆಗೆ ಅಲ್ಲ. ನಾನು ಹೊರಟದ್ದು ಆ ಕಡೆಗೆ."

ಬಾಯಿ ಕೈ ಕೊಟ್ಟರು. ಅದೇ ವಾರ, ಎರಡು ವರ್ಷದಿಂದ ಮಲಗಿಯೇ ಇದ್ದ ಪಕ್ಕದ ಮಂಚದ ನೆಲ್ಲಿ ತನಗೂ ಎದ್ದು ನೋಡಬೇಕು ಎಂದಳು. ಈ ಸಲ ಗೆರ್ಟ್ರೂಡ್ ಬಾಯಿ ಕಾಗದ ತರಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೆಲ್ಲಿಯ ಕಂಕುಳಿಗೆ ತಮ್ಮ ತೋಳು ಕೊಟ್ಟರು.