ಬುಗುಡಿ ಹೊದ್ದ ಹಲ್ಲು

ಮೌನೇಶಪ್ಪ ಪತ್ತಾರನ ಬಾಯಿಯ ಎಡಗಡೆ ಅವನ ಹೆಂಡತಿ ಇದ್ದಳು. ತೀರಿಕೊಂಡು ಮೂರು ವರ್ಷವಾಗಿದ್ದ ಹೆಂಡತಿ. ಇದನ್ನವನು ಯಾರ ಮುಂದೂ ಆಡಿರಲಿಲ್ಲ. ಆಡಿದ್ದರೆ ನಾಗಪುರದ ಬಿಸಿಲು ತಲೆಗೇರಿದೆ ಎಂದು ಅಜನಿಯ ರೈಲ್ವೆ ಕಾಲೊನಿಯಲ್ಲಿ ವಾರಗಟ್ಟಲೆ ನಗುತ್ತಿದ್ದರು.

ಲಕ್ಷ್ಮವ್ವ ಕಾಮಾಲೆಯಿಂದ ಸತ್ತ ದಿನ ನರ್ಸು ಅವಳ ಕಿವಿಯ ಬುಗುಡಿಗಳನ್ನು ಬಿಚ್ಚಿ, ಹತ್ತಿಯಲ್ಲಿ ಸುತ್ತಿ ಗಂಡನ ಕೈಗಿತ್ತಿದ್ದಳು. ಅವರ ಮನೆತನದ ರೂಢಿಯಂತೆ ಅವು ಮಗಳು ವಸುಧಾಳ ಕಿವಿಗೆ ಹೋಗಬೇಕಿತ್ತು. ಮೌನೇಶಪ್ಪ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಕಳುವಾದವು ಎಂದುಬಿಟ್ಟ. ಆಸೆಬುರುಕ ಅಂತಲ್ಲ. ಮಗಳು ನಾಳೆ ಮದುವೆಯಾಗಿ ಬುಗುಡಿಗಳ ಸಮೇತ ಹೊರಟರೆ ತನ್ನ ಪಾಲಿಗೆ ಲಕ್ಷ್ಮವ್ವನದು ಏನುಳಿಯಿತು ಎಂಬ ಸಂಕಟ, ಅಷ್ಟೇ. ಅದೇ ಸುಮಾರಿಗೆ ಅವನ ದವಡೆಹಲ್ಲೊಂದು ಸೀಳಿತು. ಕ್ಯಾಪ್ ಹಾಕಿಸಬೇಕು ಎಂದರು ಹಲ್ಲಿನ ಡಾಕ್ಟರು. ವರ್ಕ್‌ಶಾಪಿನಲ್ಲಿ ಕಬ್ಬಿಣ ಬಡಿಯುತ್ತಿದ್ದರೂ ಅಕ್ಕಸಾಲಿಗರ ಮಗನಲ್ಲವೇ, ಮಗಳು ಕಾಲೇಜಿಗೆ ಹೋದ ಹೊತ್ತು ನೋಡಿ ಬುಗುಡಿಗಳನ್ನು ತಾನೇ ಕರಗಿಸಿ ಗಟ್ಟಿಯನ್ನು ಡಾಕ್ಟರಿಗೆ ಕೊಟ್ಟ. ಲಕ್ಷ್ಮವ್ವ ಕ್ಯಾಪಾಗಿ ಅವನ ಹಲ್ಲಿನ ಮೇಲೆ ಬಂದು ಕೂತಳು.

ಇನ್ನು ಜತನದ ಮಾತು. ಬಂಗಾರ ಉಜ್ಜಿದಷ್ಟೂ ಸವೆಯುತ್ತದೆಂದು ಪತ್ತಾರರ ಮನೆಯ ಕೂಸಿಗೂ ಗೊತ್ತು. ಅವರ ಅಂಗಡಿಯ ಕಸವನ್ನೂ ಸುಮ್ಮನೆ ಚೆಲ್ಲುವುದಿಲ್ಲ, ತೊಳೆದು ಸೋಸಿ ಬಂಗಾರದ ಪುಡಿ ಹುಡುಕುತ್ತಾರೆ. ಅಂಥ ಮನೆಯ ಮೌನೇಶಪ್ಪ ಆ ಹಲ್ಲಿಗೆ ಬ್ರಶ್ ತಾಗಿಸುವುದು ಹೇಗೆ? ಬಾಯಿಯ ತುಂಬ ಬರಬರ ತಿಕ್ಕಿ, ಆ ಮೂಲೆಗೆ ಬಂದೊಡನೆ ಕೈ ಹಿಂದೆಗೆಯುತ್ತಿದ್ದ. ಊಟವನ್ನೂ ಬಲಗಡೆಯೇ ಅಗಿಯುತ್ತಿದ್ದ. ಪಾಪ, ಬಹಳ ಜಾಣತನ ಮಾಡುತ್ತಿದ್ದೇನೆ ಎಂದುಕೊಂಡಿದ್ದ.

ಎರಡನೆಯ ವರ್ಷ ಅವಳು ಮಾತಾಡತೊಡಗಿದಳು. ಬಿಸಿ ಚಹಾ ಗುಟುಕರಿಸಿದಾಗ ಹಲ್ಲಿನ ಬುಡ ಚುಳ್ಳೆಂದಿತು. ಅದರ ಬೆನ್ನಿಗೇ ದನಿ ಬಂತು: "ಆರಿಸಿ ಕುಡೀರಿ ಅಂತ ಎಷ್ಟ್ ಸಲ ಹೇಳ್ಲಿ?" ಬದುಕಿದ್ದಾಗ ದಿನಾ ಅನ್ನುತ್ತಿದ್ದ ಮಾತು, ಅದೇ ಸಿಡುಕು. ಮೌನೇಶಪ್ಪ ಕಪ್ಪು ಹಿಡಿದುಕೊಂಡೇ ಅತ್ತ. ಮರುದಿನದಿಂದ ಬೇಕೆಂದೇ ಸುಡುಸುಡು ಚಹಾ ಕುಡಿದ. ನೋವು ಹೆಚ್ಚಿದಂತೆ ಅವಳ ಮಾತೂ ಹೆಚ್ಚಾಯಿತು. ಒಮ್ಮೊಮ್ಮೆ ಸಂಜೆ ಹಲ್ಲು ತಾನಾಗಿಯೇ ಮಿಡಿಯತೊಡಗಿ, "ಹುಡುಗಿ ಕಿವಿ ಖಾಲಿ ಐತಲ್ರೀ" ಎನ್ನುತ್ತಿತ್ತು. ಆಗ ಮಾತ್ರ ಅವನು ರೇಡಿಯೊ ಜೋರು ಮಾಡುತ್ತಿದ್ದ.

ಕೊನೆಗೆ ಕೆನ್ನೆ ಊದಿ ಎಡಗಣ್ಣು ಮುಚ್ಚಿತು. ಮನೆಯಲ್ಲೂ ಮರಾಠಿಯಲ್ಲೇ ಹರಟುವ ವಸುಧಾ ಅಂದು ಕನ್ನಡಕ್ಕಿಳಿದಳು. "ಅಪ್ಪಾ, ನಿನ್ನ ಬಾಯಿಂದ ಏನೋ ಕೊಳತ ವಾಸನಿ ಬರಾಕತ್ತೈತಿ. ನಡಿ ಜಲ್ದಿ."

ಸೀತಾಬರ್ಡಿ ಪೇಟೆಯ ಹಲ್ಲಿನ ಡಾಕ್ಟರಮ್ಮ ಹೊಸಬರು. ಇಲ್ಲಿ ತಿಕ್ಕುವುದಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಬಂಗಾರ ಸವೆಯುತ್ತದೆ ಎಂದ ಮೌನೇಶಪ್ಪ. ಅವರಿಗೆ ನಗು ಬಂತು, ಆದರೆ ಆ ಮುಖ ನೋಡಿ ನುಂಗಿಕೊಂಡರು. "ಮೆತ್ತನೆಯ ಬ್ರಶ್ಶಿಗೆ ಈ ಬಂಗಾರ ಬಗ್ಗುವುದಿಲ್ಲ, ಕಾಕಾ. ಕೊಳೆಯುವುದು ಒಳಗಿನ ಹಲ್ಲು. ಕ್ಯಾಪಿನ ಅಂಚು ಒಸಡಿಗೆ ಕೂಡುವಲ್ಲಿ ಅನ್ನದ ಅಗಳು ಕೂತು ಹುಳುಕು ಒಳಗಿಳಿದಿದೆ. ಅಲ್ಲೇ ಎರಡು ಹೊತ್ತು ತಿಕ್ಕಬೇಕಿತ್ತು, ಸಂದಿಯಲ್ಲಿ ದಾರ ಆಡಿಸಬೇಕಿತ್ತು. ಈಗಲಾದರೂ ಬಿಚ್ಚಿ ಬೇರು ತೊಳೆದರೆ ಇದೇ ಕ್ಯಾಪ್ ತಿರುಗಿ ಕೂರುತ್ತದೆ. ತಡಮಾಡಿದರೆ ಹಲ್ಲೇ ಹೋಗುತ್ತದೆ, ಕ್ಯಾಪ್ ಯಾವುದರ ಮೇಲೆ ನಿಲ್ಲಬೇಕು?"

ಬಿಚ್ಚಿದರೆ ನೋವು ಹೋಗುತ್ತದೆ. ನೋವು ಹೋದರೆ ಅವಳೂ ಹೋಗುತ್ತಾಳೆ. ಬೇಡವೆಂದು ಏಳಹೊರಟವನನ್ನು ಮಗಳು ಭುಜ ಒತ್ತಿ ಕೂರಿಸಿದಳು. ಸೂಜಿ ಚುಚ್ಚಿ ದವಡೆ ಮರಗಟ್ಟುತ್ತಲೇ ಬಾಯಿ ಮೂಕವಾಯಿತು. ಇಷ್ಟು ದಿನ ಒಂದಲ್ಲ ಒಂದು ಗೊಣಗುತ್ತಿದ್ದವಳು ಅರ್ಧ ಮಾತಿನಲ್ಲಿ ನಿಂತುಹೋದಳು. ಮೌನೇಶಪ್ಪನಿಗೆ ಆಸ್ಪತ್ರೆಯ ಆ ದಿನ ಇನ್ನೊಮ್ಮೆ ಬಂದಂತಾಯಿತು.

ಕ್ಯಾಪ್ ಕಿತ್ತುಬಂದಾಗ ನಾತಕ್ಕೆ ವಸುಧಾ ಸೆರಗು ಮೂಗಿಗೊತ್ತಿದಳು. ಡಾಕ್ಟರು ಅದನ್ನು ತೊಳೆದು ಅವಳ ಕೈಗೆ ಹಾಕಿದರು. ಬೇರಿನ ಕೆಲಸ ಮುಗಿಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಜೋಪಾನ ಎಂದರು. ಸೊಟ್ಟಗಾಗಿದ್ದ ಬಾಯಿಯಲ್ಲೇ ಮೌನೇಶಪ್ಪ ತೊದಲಿದ: "ಅದು ನಿಮ್ಮವ್ವನ ಬುಗುಡಿ, ವಸು. ಕಳುವಾಗಿದ್ದಿಲ್ಲ. ಮಾತಾಡ್ತಿದ್ಲು ನನ್ನ ಕೂಡ. ಈಗ ಸುಮ್ನಾದ್ಲು."

ವಸುಧಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಯಾಪನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಮನೆ ಮುಟ್ಟುವ ತನಕ ಆಟೋದ ಹೊರಗೇ ನೋಡಿದಳು.

ಮುಂದಿನ ವಾರಗಳಲ್ಲಿ ಅವನ ಬಾಯಲ್ಲಿ ನೋವಿಲ್ಲ, ದನಿಯಿಲ್ಲ. ನಾಲಿಗೆ ಹೋಗಿ ಹೋಗಿ ಆ ಮೊಂಡುಹಲ್ಲನ್ನು ತಡಕುತ್ತಿತ್ತು. ಒಂದು ಸಂಜೆ ಕೆಲಸ ಬಿಟ್ಟು ಬಂದಾಗ ಅಡುಗೆಮನೆಯಲ್ಲಿ ಮಾತು ಕೇಳಿಸಿತು. ವಸುಧಾ ಒಬ್ಬಳೇ, ಗೋಡೆಗೆ ಮುಖ ಮಾಡಿ ಕೂತಿದ್ದಳು. ಕ್ಯಾಪ್ ಇದ್ದ ಬಲಗೈ ಮುಷ್ಟಿಯಾಗಿ ಕಿವಿಗೆ ಒತ್ತಿಕೊಂಡಿತ್ತು. ಮರಾಠಿಯ ಸುಳಿವೂ ಇಲ್ಲದ ಕನ್ನಡ. "ಹೂಂ ಅವ್ವಾ... ಇಲ್ಲಬೇ, ನನಗೇನ್ ಸಿಟ್ಟಿಲ್ಲ... ಅದನ್ನ ಹ್ಯಾಂಗ ಹೇಳ್ಲಿ ಅವಂಗ?" ಆಮೇಲೆ ಸುಮ್ಮನೆ ಆಲಿಸಿದಳು. ಬಹಳ ಹೊತ್ತು ಆಲಿಸಿದಳು. ಒಲೆಯ ಸದ್ದು ಬಿಟ್ಟರೆ ಮೌನೇಶಪ್ಪನಿಗೆ ಬೇರೇನೂ ಕೇಳಿಸಲಿಲ್ಲ. ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿ ಅವನು ಬಂದ ಕಾಲಲ್ಲೇ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಕ್ಯಾಪ್ ತಿರುಗಿ ಕೂರಿಸುವ ದಿನ ಡಾಕ್ಟರ ಬಾಗಿಲಲ್ಲಿ ಅವನೇ ಹೇಳಿದ, "ನಾ ಸ್ಟೀಲಿಂದು ಹಾಕಿಸ್ಕೋತೀನಿ, ವಸು. ಅದು ನಿನ್ನ ಪಾಲಿಂದು. ನೀನ ಇಟ್ಕೋ."

ವಸುಧಾ ಬೇಡವೆಂದು ತಲೆಯಾಡಿಸಿ ಕ್ಯಾಪನ್ನು ತಾನೇ ಡಾಕ್ಟರ ಕೈಗೆ ಕೊಟ್ಟಳು. ಅದು ಹಲ್ಲಿನ ಮೇಲೆ ಭದ್ರವಾಗಿ ಕೂತಿತು. ತಣ್ಣಗಿತ್ತು, ಎಷ್ಟು ಕಚ್ಚಿದರೂ ಮಾತಿಲ್ಲ.

ಬೀದಿಗಿಳಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. "ಏನಂದ್ಲು ನಿಮ್ಮವ್ವ?"

"ಎರಡೂ ಹೊತ್ತು ತಿಕ್ಕಾಕ ಹೇಳು ಅಂದ್ಲು. ಅಂಚಿಗೆ, ಸಾವಕಾಶ. ನೀ ಇರೂ ತನಕ ಅದು ಇರಬೇಕಂತ."

"ಮತ್ತ?"

ವಸುಧಾ ಅಪ್ಪನ ಮುಖವನ್ನೇ ನೋಡಿದಳು. "ಉಳಿದದ್ದು ನನಗ ಹೇಳಿದ್ದು, ಅಪ್ಪಾ."

ಮೌನೇಶಪ್ಪ ಅಂದಿನಿಂದ ಎರಡು ಹೊತ್ತೂ ತಪ್ಪದೆ ತಿಕ್ಕುತ್ತಾನೆ. ಉಳಿದದ್ದೇನೆಂದು ಇನ್ನೊಮ್ಮೆ ಕೇಳುವ ಮುಖ ಅವನಿಗಿಲ್ಲ.